ತೇರು ಎಳೆಯುತ್ತೀರಾ, ಪಂಕ್ತಿಯಲ್ಲಿ ಕೂರುತ್ತೀರಾ? ಯುರೋಪ್ ಮತ್ತು ಅಮೆರಿಕದಲ್ಲಿ ಮ್ಯಾಚ್ ಆರಿಸುವ ಮೊದಲು

ಹೋದ ವರ್ಷ ಏಪ್ರಿಲ್‌ನಲ್ಲಿ ಒಂದೇ ವಾರ ಎರಡು ಮೆಸೇಜ್ ಬಂದವು. ಮೊದಲನೆಯದು ಅಣ್ಣನ ಮಗನದು. ಜರ್ಮನಿಯ ಆಖೆನ್‌ನಲ್ಲಿ ಓದುತ್ತಿದ್ದಾನೆ. "ಚಿಕ್ಕಪ್ಪ, ಬಂದು ಒಂದು ವರ್ಷ ಆಯ್ತು, ಒಂದು ಫುಟ್‌ಬಾಲ್ ಮ್ಯಾಚೂ ನೋಡಿಲ್ಲ. ಡಾರ್ಟ್‌ಮುಂಡ್‌ಗೆ ಹೋಗಲಾ, ಇಲ್ಲಾ ದುಡ್ಡು ಕೂಡಿಸಿ ಇಂಗ್ಲೆಂಡಿಗೇ ಹೋಗಿಬರಲಾ?" ಎರಡನೆಯದು ಅಕ್ಕನದು. ಮೊಮ್ಮಗುವನ್ನು ನೋಡಿಕೊಳ್ಳಲು ಅಕ್ಕ, ಭಾವ ಇಬ್ಬರೂ ಆರು ತಿಂಗಳಿಗೆ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಹೋಗಿದ್ದರು. "ನಿಮ್ಮ ಭಾವಂಗೆ ಮನೇಲಿ ಕೂತು ಕೂತು ಬೇಜಾರಾಗಿದೆ ಕಣೋ. ಅಳಿಯಂದಿರು ಯಾವುದಾದರೂ ಆಟಕ್ಕೆ ಕರ್ಕೊಂಡು ಹೋಗ್ತೀನಿ ಅಂತಿದಾರೆ. ಯಾವುದು ಒಳ್ಳೇದು?"

ನಾನು ಮೂರು ವರ್ಷ ಜರ್ಮನಿಯ ಎಸ್ಸೆನ್‌ನಲ್ಲಿದ್ದೆ. ಆಮೇಲೆ ಎರಡು ವರ್ಷ ಕ್ಯಾಲಿಫೋರ್ನಿಯಾದಲ್ಲಿ. ಹಾಗಾಗಿ ಮನೆಯವರ ಲೆಕ್ಕದಲ್ಲಿ ನಾನೇ ಎಕ್ಸ್‌ಪರ್ಟ್. ಅವರಿಬ್ಬರಿಗೂ ಬರೆದದ್ದನ್ನು ಸ್ವಲ್ಪ ಬೆಳೆಸಿ ಇಲ್ಲಿ ಇಡುತ್ತಿದ್ದೇನೆ.

ಮೊದಲು ಒಂದು ಮಾತು. ಯುರೋಪಿನ ಗ್ಯಾಲರಿ ನಮ್ಮೂರ ತೇರಿನ ಹಾಗೆ. ಅಲ್ಲಿಗೆ ಹೋದ ಮೇಲೆ ಹಗ್ಗಕ್ಕೆ ಕೈ ಹಾಕಬೇಕು. ನೀವು ಹಾಡದಿದ್ದರೆ, ಕೂಗದಿದ್ದರೆ ತೇರು ಮುಂದೆ ಹೋಗುವುದಿಲ್ಲ. ಅಮೆರಿಕದ ಸ್ಟೇಡಿಯಂ ಮದುವೆ ಮನೆಯ ಹಾಗೆ. ಬನ್ನಿ, ಕೂತ್ಕೊಳ್ಳಿ, ಊಟ ಮಾಡಿ ಎನ್ನುತ್ತಾರೆ. ಎಲ್ಲ ಕೆಲಸಕ್ಕೂ ಜನ ಇದ್ದಾರೆ. ನೀವು ಖುಷಿಯಾಗಿದ್ದರೆ ಸಾಕು. ಯಾವುದು ಮೇಲು ಎಂದು ಜಗಳ ಆಡುವವರು ಬಹಳ ಜನ. ನನಗಂತೂ ಎರಡೂ ಇಷ್ಟ, ಆದರೆ ಒಂದೇ ದಿನ ಅಲ್ಲ, ಒಂದೇ ಜೊತೆಗಾರರ ಜೊತೆಯೂ ಅಲ್ಲ.

ಏನೇನು ನೋಡಬೇಕು?

ಟಿಕೆಟ್ ಎಷ್ಟು ಎಂಬುದು ಮೊದಲ ಪ್ರಶ್ನೆ ಅಲ್ಲ. ಟಿಕೆಟ್ ನಿಮ್ಮ ಕೈಗೆ ಸಿಗುತ್ತದಾ ಎಂಬುದು ಮೊದಲ ಪ್ರಶ್ನೆ. ಆಮೇಲೆ ಒಟ್ಟು ಖರ್ಚು: ರೈಲು, ಪಾರ್ಕಿಂಗ್, ತಿಂಡಿ ಎಲ್ಲ ಸೇರಿಸಿ. ಜೊತೆಗೆ ಯಾರು ಬರುತ್ತಾರೆ? ಐದು ವರ್ಷದ ಮಗುವೋ, ಮಂಡಿನೋವಿನ ಅಮ್ಮನೋ, ಹಾಸ್ಟೆಲ್ ಹುಡುಗರ ದಂಡೋ? ಎಷ್ಟು ಹೊತ್ತು ಕೂರಬಲ್ಲಿರಿ, ಅಥವಾ ನಿಲ್ಲಬಲ್ಲಿರಿ? ಸಸ್ಯಾಹಾರಿಗಳಾದರೆ ತಿನ್ನಲು ಏನು ಸಿಗುತ್ತದೆ? ಕೊನೆಯದು ಎಲ್ಲಕ್ಕಿಂತ ದೊಡ್ಡದು: ಒಂದು ಸಂಜೆಯ ಮಜಾ ಬೇಕಾ, ಇಲ್ಲಾ ಒಂದು ತಂಡವನ್ನು ಜೀವನಪೂರ್ತಿ ಹಿಡಿದುಕೊಳ್ಳಬೇಕಾ? ಆರ್‌ಸಿಬಿ ಹಿಡಿದುಕೊಂಡು 2025ರ ಜೂನ್‌ವರೆಗೆ, ಹದಿನೆಂಟು ಸೀಸನ್ ಕಾದವರಿಗೆ ಈ ಎರಡರ ನಡುವಿನ ಅಂತರ ಹೇಳಬೇಕಿಲ್ಲ.

ಗಲಾಟೆ ಬೇರೆ ಬೇರೆ ಯಾಕೆ?

ಫುಟ್‌ಬಾಲ್‌ನಲ್ಲಿ 45 ನಿಮಿಷ ಆಟ ನಿಲ್ಲುವುದಿಲ್ಲ. ಮೈಕಿನವನಿಗೆ ನಡುವೆ ಬಾಯಿ ಹಾಕಲು ಜಾಗವೇ ಇಲ್ಲ. ಹಾಗಾಗಿ ಸದ್ದು ಜನರಿಂದಲೇ ಬರಬೇಕು. ಗೋಲಿನ ಹಿಂದಿನ ಗ್ಯಾಲರಿಯಲ್ಲಿ 'ಕಾಪೋ' ಎಂಬುವನೊಬ್ಬ ಮೈದಾನಕ್ಕೆ ಬೆನ್ನು ಹಾಕಿ, ಮೆಗಾಫೋನ್ ಹಿಡಿದು ಹಾಡು ಎತ್ತಿಕೊಡುತ್ತಾನೆ. ಪಾಪ, ಅವನು ಆಟವನ್ನೇ ಸರಿಯಾಗಿ ನೋಡುವುದಿಲ್ಲ. ಇಡೀ ಗ್ಯಾಲರಿಗೆ ಬಟ್ಟೆ ಹೊದಿಸಿದಂತೆ ದೊಡ್ಡ ಚಿತ್ರ ಬಿಡಿಸುತ್ತಾರಲ್ಲ, ಅದು 'ಟಿಫೋ'. ಅದಕ್ಕೆ ವಾರಗಟ್ಟಲೆ ರಾತ್ರಿ ನಿದ್ದೆಗೆಟ್ಟವರೂ ಅಭಿಮಾನಿಗಳೇ.

ಅಮೆರಿಕದ ಆಟಗಳು ನಿಂತು ನಿಂತು ನಡೆಯುತ್ತವೆ. ಪ್ರತಿ ಎಸೆತ ಆದ ಮೇಲೂ ಬಿಡುವು, ಜಾಹೀರಾತಿಗೆ ಬಿಡುವು. ಆ ಬಿಡುವನ್ನು ತುಂಬಲು ಆರ್ಗನ್, ಡಿಜೆ, ದೊಡ್ಡ ಸ್ಕ್ರೀನ್, ಜನರ ಕಡೆ ಟೀ ಶರ್ಟ್ ಹಾರಿಸುವ ಪುಟ್ಟ ಫಿರಂಗಿ ಎಲ್ಲ ಬಂದವು. 'ಈಗ ಕೂಗಿ' ಎಂದು ಸ್ಕ್ರೀನ್ ಹೇಳುತ್ತದೆ, ಜನ ಕೂಗುತ್ತಾರೆ. ಯುರೋಪಿನವರು ಇದನ್ನು ನೋಡಿ ಮೂಗು ಮುರಿಯುತ್ತಾರೆ. ನಮ್ಮ ಐಪಿಎಲ್‌ನಲ್ಲಿ ನಡೆಯುವುದೂ ಇದೇ ಅಲ್ವಾ?

ದೂರದ ಲೆಕ್ಕವೂ ಇದೆ. ಸಿಯಾಟಲ್‌ನಿಂದ ಮಯಾಮಿಗೆ ಸುಮಾರು 4,400 ಕಿಲೋಮೀಟರ್. ಎದುರು ತಂಡದ ಮೂರು ಸಾವಿರ ಜನ ಪ್ರತಿ ವಾರ ಅಷ್ಟು ದೂರ ಬರುವುದು ಆಗದ ಮಾತು. ಇಂಗ್ಲೆಂಡಿನಲ್ಲಿ ಬೆಳಿಗ್ಗೆ ರೈಲು ಹತ್ತಿ ರಾತ್ರಿ ಮನೆಗೆ ಬರಬಹುದು. ಹಾಗಾಗಿಯೇ ಅಲ್ಲಿ ಎದುರಾಳಿ ಅಭಿಮಾನಿಗಳಿಗೆ ಬೇರೆ ಗ್ಯಾಲರಿ, ಬೇರೆ ಗೇಟು, ನಡುವೆ ಪೊಲೀಸರು. ಅಮೆರಿಕದಲ್ಲಿ ಎದುರು ತಂಡದ ಅಭಿಮಾನಿ ಆ ತಂಡದ ಜರ್ಸಿ ಹಾಕಿಕೊಂಡು ನಿಮ್ಮ ಪಕ್ಕದಲ್ಲೇ ಕೂತು ನಿಮ್ಮ ಜೊತೆಯೇ ಪಾಪ್‌ಕಾರ್ನ್ ತಿನ್ನುತ್ತಾನೆ.

ಇಂಗ್ಲೆಂಡ್: ಹೆಸರು ದೊಡ್ಡದು, ಬಾಗಿಲು ಕಿರಿದು

ಪ್ರೀಮಿಯರ್ ಲೀಗ್, ಅಂದರೆ ಅಲ್ಲಿನ ಫುಟ್‌ಬಾಲ್‌ನ ಅತಿ ಮೇಲಿನ ಡಿವಿಜನ್, ಎಲ್ಲರಿಗೂ ಆಸೆ. ಆದರೆ ದೊಡ್ಡ ಕ್ಲಬ್ಬಿನ ಟಿಕೆಟ್ ಬೇಕೆಂದರೆ ಮೊದಲು ದುಡ್ಡು ಕೊಟ್ಟು ಮೆಂಬರ್ ಆಗಬೇಕು. ಆಮೇಲೂ ಸರತಿ, ಲಾಟರಿ. ಸ್ಟೇಡಿಯಂ ಹೊರಗೆ ಬ್ಲ್ಯಾಕ್‌ನಲ್ಲಿ ಕೊಳ್ಳೋಣ ಎಂದು ಮಾತ್ರ ಹೊರಡಬೇಡಿ. ಅನುಮತಿ ಇಲ್ಲದೆ ಫುಟ್‌ಬಾಲ್ ಟಿಕೆಟ್ ಮಾರುವುದು ಅಲ್ಲಿ 1994ರಿಂದ ಅಪರಾಧ. ಎದುರು ತಂಡದ ಅಭಿಮಾನಿಗಳ ಟಿಕೆಟ್‌ಗೆ ಮಾತ್ರ 2016ರಿಂದ 30 ಪೌಂಡ್ ಮಿತಿ ಇದೆ. ಅದು ವರ್ಷಗಟ್ಟಲೆ ತಂಡದ ಹಿಂದೆ ಊರೂರು ಅಲೆದವರಿಗೆ ಹೋಗುತ್ತದೆ, ನಿಮಗೆ ನನಗೆ ಅಲ್ಲ.

ಇನ್ನೊಂದು ಅಚ್ಚರಿ. ಸೀಟಿನಲ್ಲಿ ಕೂತು ಬಿಯರ್ ಕುಡಿಯುವಂತಿಲ್ಲ. ಮೈದಾನ ಕಾಣುವ ಜಾಗದಲ್ಲಿ ಮದ್ಯ ಕೂಡದು ಎಂದು 1985ರಲ್ಲೇ ಕಾನೂನು ಬಂತು. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋದಲ್ಲಿ ನೂಕುನುಗ್ಗಲಿಗೆ 97 ಜನ ಸತ್ತರು. ಅದಾದ ಮೇಲೆ ದೊಡ್ಡ ಡಿವಿಜನ್‌ಗಳಲ್ಲಿ ನಿಂತು ನೋಡುವ ಗ್ಯಾಲರಿಗಳನ್ನೇ ತೆಗೆದು ಎಲ್ಲ ಕಡೆ ಸೀಟು ಹಾಕಿದರು. ಕಬ್ಬಿಣದ ಕಂಬಿ ಇರುವ, ಸುರಕ್ಷಿತವಾಗಿ ನಿಲ್ಲುವ ಜಾಗ ಮತ್ತೆ ಬಂದದ್ದು 2022ರಲ್ಲಿ. 2025ರ ಜೂನ್ 4ರಂದು ಚಿನ್ನಸ್ವಾಮಿ ಹೊರಗೆ 11 ಜನರನ್ನು ಕಳೆದುಕೊಂಡ ನಮಗೆ ಈ ಕಟ್ಟುನಿಟ್ಟು ಅತಿ ಎನಿಸುವುದಿಲ್ಲ.

ಅಲ್ಲಿನ ಅಭಿಮಾನಿ ದುಡ್ಡು ಕೊಟ್ಟು ಸುಮ್ನೆ ಹೋಗುವವನಲ್ಲ. 2016ರ ಫೆಬ್ರವರಿಯಲ್ಲಿ ಲಿವರ್‌ಪೂಲ್ ಕ್ಲಬ್ ಮುಂದಿನ ಸೀಸನ್‌ಗೆ 77 ಪೌಂಡ್‌ನ ಟಿಕೆಟ್ ತರುತ್ತೇವೆ ಎಂದಿತು. ಸಂಡರ್ಲೆಂಡ್ ವಿರುದ್ಧದ ಆಟದಲ್ಲಿ 77ನೇ ನಿಮಿಷಕ್ಕೆ ಸಾವಿರಾರು ಜನ ಎದ್ದು ಹೊರಟರು. ಆಗ ಲಿವರ್‌ಪೂಲ್ 2-0 ಮುಂದಿತ್ತು. ಜನ ಹೋದ ಮೇಲೆ ಸಂಡರ್ಲೆಂಡ್ ಎರಡು ಗೋಲು ಹೊಡೆದು ಡ್ರಾ ಮಾಡಿಕೊಂಡಿತು! ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೇಳಿ ಏರಿಕೆ ಕೈಬಿಟ್ಟರು. ತಮಾಷೆ ಎಂದರೆ ಆ ಮಾಲೀಕರು ಅಮೆರಿಕದವರು, ಬೇಸ್‌ಬಾಲ್‌ನ ಬಾಸ್ಟನ್ ರೆಡ್ ಸಾಕ್ಸ್ ತಂಡವೂ ಅವರದೇ.

ಇಂಗ್ಲೆಂಡಿಗೆ ಹೋಗಲೇಬೇಕೆಂದಿದ್ದರೆ ಎರಡು ದಾರಿ ಹೇಳುತ್ತೇನೆ. ಒಂದು, ಕೆಳಗಿನ ಡಿವಿಜನ್. ಲಂಡನ್ನಿನ ಎಎಫ್‌ಸಿ ವಿಂಬಲ್ಡನ್ ನನಗೆ ಪ್ರೀತಿ. ಹಳೆಯ ವಿಂಬಲ್ಡನ್ ಕ್ಲಬ್ಬನ್ನು ಮಿಲ್ಟನ್ ಕೀನ್ಸ್ ಊರಿಗೆ ಸಾಗಿಸಲು ಒಪ್ಪಿಗೆ ಸಿಕ್ಕಾಗ ಅಭಿಮಾನಿಗಳು 2002ರಲ್ಲಿ ತಾವೇ ಹೊಸ ಕ್ಲಬ್ ಕಟ್ಟಿದರು. ತೀರಾ ಕೆಳಗಿನ ಹಂತದಿಂದ ಆಡುತ್ತಾ 2011ರಲ್ಲಿ ವೃತ್ತಿಪರ ಲೀಗ್‌ಗೆ ಬಂದರು. 2020ರಲ್ಲಿ ಹಳೆಯ ಪ್ಲೌ ಲೇನ್‌ನಲ್ಲೇ ಹೊಸ ಸ್ಟೇಡಿಯಂ ಮಾಡಿಕೊಂಡರು. ಸುಮಾರು 9,000 ಜನ ಹಿಡಿಯುವ ಜಾಗ. ಆಟಗಾರನ ಬೈಗುಳ ಕೂಡ ಕೇಳುತ್ತದೆ. ಇನ್ನೊಂದು ದಾರಿ ಹೆಂಗಸರ ಫುಟ್‌ಬಾಲ್. ಆರ್ಸೆನಲ್‌ನ ದೊಡ್ಡ ಸ್ಟೇಡಿಯಂ, ಟಿಕೆಟ್ ಗಂಡಸರ ಆಟದ್ದಕ್ಕಿಂತ ಬಹಳ ಅಗ್ಗ, ಮಕ್ಕಳು ಜಾಸ್ತಿ, ಕೆಟ್ಟ ಮಾತು ಕಮ್ಮಿ. ಕುಟುಂಬಕ್ಕೆ ಇದಕ್ಕಿಂತ ಒಳ್ಳೆಯದು ಇಂಗ್ಲೆಂಡಿನಲ್ಲಿ ಸಿಗಲಾರದು.

ತಿಂಡಿ ವಿಷಯದಲ್ಲಿ ಒಂದು ಎಚ್ಚರಿಕೆ. ಚಳಿಗೆ ಎಲ್ಲರೂ ಬಿಸಿಬಿಸಿ 'ಬೊವ್ರಿಲ್' ಕುಡಿಯುತ್ತಿರುತ್ತಾರೆ. ನೋಡಲು ಕಷಾಯದ ಹಾಗಿದೆ. ಅದು ದನದ ಮಾಂಸದ ಸಾರ. ಚಹಾ, ಚಿಪ್ಸ್, ಚೀಸ್-ಈರುಳ್ಳಿ ಪೈ ಸಿಕ್ಕರೆ ಅಷ್ಟಕ್ಕೇ ಸಾಕು ಮಾಡಿ.

ಜರ್ಮನಿ: ಕಮ್ಮಿ ದುಡ್ಡು, ಜಾಸ್ತಿ ಗಂಟಲು

ನನ್ನ ಪಕ್ಷಪಾತ ಇಲ್ಲಿದೆ, ಮೊದಲೇ ಹೇಳಿಬಿಡುತ್ತೇನೆ. ಡಾರ್ಟ್‌ಮುಂಡ್ ಸ್ಟೇಡಿಯಂ 81,365 ಜನರದು. ಅದರಲ್ಲಿ ದಕ್ಷಿಣದ ಗ್ಯಾಲರಿ ಒಂದರಲ್ಲೇ ಸುಮಾರು 25,000 ಜನ ನಿಂತು ನೋಡುತ್ತಾರೆ. 'ಹಳದಿ ಗೋಡೆ' ಎನ್ನುವುದು ಅದನ್ನೇ. ನಾನು ಮೊದಲ ಸಲ ಹೋದಾಗ ಚಳಿ ಎಂದು ಇದ್ದ ಒಂದೇ ದಪ್ಪ ಜಾಕೆಟ್ ಹಾಕಿಕೊಂಡು ಹೋದೆ. ಅದು ನೀಲಿ. ನೀಲಿ ಎಂದರೆ ಪಕ್ಕದೂರಿನ ಬದ್ಧ ವೈರಿ ಶಾಲ್ಕೆಯ ಬಣ್ಣ. ಪಕ್ಕದಲ್ಲಿದ್ದ ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿ, ಏನೂ ಮಾತಾಡದೆ, ತನ್ನ ಹಳದಿ ಮಫ್ಲರ್ ತೆಗೆದು ನನ್ನ ಕುತ್ತಿಗೆಗೆ ಸುತ್ತಿದ. ಆಟ ಮುಗಿದ ಮೇಲೆ ವಾಪಸ್ ಇಸಿದುಕೊಂಡ, ಅದು ಬೇರೆ ಮಾತು. ಬಣ್ಣ ನೋಡಿಕೊಂಡು ಹೋಗಿ.

ನಿಂತು ನೋಡುವ ಟಿಕೆಟ್ 20 ಯೂರೋ ಒಳಗೂ ಸಿಗುತ್ತದೆ. ಹಲವು ಕ್ಲಬ್ಬುಗಳಲ್ಲಿ ಅದೇ ಟಿಕೆಟ್ಟಿನಲ್ಲಿ ಲೋಕಲ್ ರೈಲು, ಬಸ್ಸಿಗೂ ಹೋಗಿಬರಬಹುದು. ಅಗ್ಗ ಯಾಕೆ ಎಂದರೆ '50+1' ಎಂಬ ನಿಯಮ. ಕ್ಲಬ್ಬಿನಲ್ಲಿ ಯಾರೇ ದುಡ್ಡು ಹಾಕಲಿ, ಅರ್ಧಕ್ಕಿಂತ ಹೆಚ್ಚು ಮತ ಸದಸ್ಯರ ಕೈಯಲ್ಲೇ ಇರಬೇಕು. ಲೆವರ್‌ಕೂಸೆನ್, ವುಲ್ಫ್ಸ್‌ಬರ್ಗ್‌ನಂಥವಕ್ಕೆ ಮಾತ್ರ ವಿನಾಯಿತಿ ಇದೆ. ಮತ ಸದಸ್ಯರ ಕೈಯಲ್ಲಿರುವಾಗ ಟಿಕೆಟ್ ಬೆಲೆ ಏರಿಸುವುದು ಸುಲಭ ಅಲ್ಲ. ಸೋಮವಾರ ಆಟ ಇಟ್ಟರೆ ಕೆಲಸಕ್ಕೆ ಹೋಗುವವರು ಹೇಗೆ ಬರಬೇಕು ಎಂದು ಅಭಿಮಾನಿಗಳು ಗಲಾಟೆ ಮಾಡಿ ಅದನ್ನು ನಿಲ್ಲಿಸಿದರು. 2024ರ ಆರಂಭದಲ್ಲಿ ಲೀಗ್ ಹೊರಗಿನ ಹೂಡಿಕೆದಾರರನ್ನು ತರಲು ಹೊರಟಿತು. ಜನ ಮೈದಾನಕ್ಕೆ ಟೆನ್ನಿಸ್ ಚೆಂಡು ಎಸೆದು ಎಸೆದು ಆಟ ನಿಲ್ಲಿಸಿದರು. ಫೆಬ್ರವರಿಯಲ್ಲಿ ಲೀಗ್ ಆ ಯೋಚನೆಯನ್ನೇ ಬಿಟ್ಟಿತು.

ತೊಂದರೆ ಏನು? ಎರಡು ಗಂಟೆ ನಿಲ್ಲಬೇಕು. ಮುಂದೆ ಬಾವುಟ ಬೀಸಿದರೆ ಗೋಲು ಕಾಣುವುದಿಲ್ಲ. ಬಿಯರ್ ಮೇಲಿಂದ ಮಳೆ ಸುರಿದಂತೆ ಸುರಿಯಬಹುದು. ಸಣ್ಣ ಮಕ್ಕಳಿದ್ದರೆ, ಮಂಡಿನೋವು ಇದ್ದರೆ ಪಕ್ಕದ ಗ್ಯಾಲರಿಯ ಸೀಟು ತೆಗೆದುಕೊಳ್ಳಿ. ಬೆಲೆ ಜಾಸ್ತಿ, ಆದರೆ ಹಳದಿ ಗೋಡೆಯನ್ನು ಎದುರಿಗೆ ನೋಡುವ ಸುಖ ಬೇರೆಯೇ. ತಿನ್ನಲು ಎಲ್ಲೆಲ್ಲೂ ಸಾಸೇಜು. ನಮಗೆ ಪ್ರೆಟ್ಜೆಲ್, ಆಲೂಗಡ್ಡೆ ಫ್ರೈಸ್. ಗ್ಲಾಸಿಗೆ ಡಿಪಾಸಿಟ್ ಹಿಡಿಯುತ್ತಾರೆ, ವಾಪಸ್ ಕೊಟ್ಟು ದುಡ್ಡು ತೆಗೆದುಕೊಳ್ಳುವುದು ಮರೆಯಬೇಡಿ.

ಹುಡುಗನಿಗೆ ನಾನು ಹೇಳಿದ್ದು ಡಾರ್ಟ್‌ಮುಂಡ್ ಅಲ್ಲ. ಅವನ ಊರಿನ ತಂಡವನ್ನೇ, ಅಲೆಮಾನಿಯಾ ಆಖೆನ್. 2006-07ರಲ್ಲಿ ಅದು ಜರ್ಮನಿಯ ಅತಿ ಮೇಲಿನ ಡಿವಿಜನ್ ಬುಂಡೆಸ್‌ಲೀಗಾದಲ್ಲಿತ್ತು. 2012ರಲ್ಲಿ ದಿವಾಳಿ ಎದ್ದಿತು. ಮರುವರ್ಷ ನಾಲ್ಕನೇ ಡಿವಿಜನ್‌ಗೆ ಬಿತ್ತು. ಅಲ್ಲಿ ಹನ್ನೊಂದು ವರ್ಷ ಕಳೆದು 2024ರಲ್ಲಿ ಮೂರಕ್ಕೆ ಬಂತು. ಮೂರನೇ ಡಿವಿಜನ್ ಆಟಕ್ಕೂ ಅವರ ಟಿವೊಲಿ ಸ್ಟೇಡಿಯಂಗೆ 20,000ಕ್ಕೂ ಹೆಚ್ಚು ಜನ ಬಂದರು! ಮೇಲಿಂದ ಕೆಳಗೆ ಬೀಳುವ ಭಯ ಇರುವ ಕಡೆ ಅಭಿಮಾನ ಎಂದರೆ ಏನು ಎಂಬುದು ಅಲ್ಲಿ ಕಾಣುತ್ತದೆ. ಅವನು ಹಾಸ್ಟೆಲ್‌ನಿಂದ ನಡೆದೇ ಹೋದ. ಮರುದಿನ ಫೋನ್ ಮಾಡಿದರೆ ದನಿಯೇ ಇಲ್ಲ.

ಇಟಲಿ ಬಗ್ಗೆ ಕೇಳುವವರಿಗೆ ಒಂದೇ ಮಾತು. ಟಿಕೆಟ್ ಮೇಲೆ ಹೆಸರು ಇರುತ್ತದೆ, ಗೇಟಿನಲ್ಲಿ ಪಾಸ್‌ಪೋರ್ಟ್ ನೋಡುತ್ತಾರೆ. ಗೋಲಿನ ಹಿಂದಿನ 'ಕುರ್ವಾ' ಗ್ಯಾಲರಿ 'ಅಲ್ಟ್ರಾಸ್' ಎಂಬ ಕಟ್ಟಾ ಅಭಿಮಾನಿಗಳ ಗುಂಪಿನದು. ಅವರನ್ನು ನೋಡಲು ಹೋಗಿ, ಅವರ ನಡುವೆ ಕೂರಲು ಬೇಡ.

ಬೇಸ್‌ಬಾಲ್: ಆಟ ಗೊತ್ತಿಲ್ಲದವರಿಗೂ

ಅಕ್ಕನಿಗೆ ಯೋಚನೆಯೇ ಮಾಡದೆ ಇದನ್ನು ಹೇಳಿದೆ. ಒಂದು ತಂಡಕ್ಕೆ ವರ್ಷಕ್ಕೆ 162 ಆಟ, ತವರಿನಲ್ಲೇ 81. ಅಷ್ಟು ಆಟ ಇದ್ದ ಮೇಲೆ ಟಿಕೆಟ್‌ಗೆ ಬರ ಇಲ್ಲ. ವಾರದ ಮಧ್ಯೆ, ಸಾಧಾರಣ ಎದುರಾಳಿ ಇದ್ದರೆ 15-20 ಡಾಲರ್‌ಗೂ ಸಿಗುವುದುಂಟು. ಮೆಂಬರ್ ಆಗಬೇಕಿಲ್ಲ. ಬೇಡ ಎನಿಸಿದರೆ ಆ್ಯಪ್‌ನಲ್ಲೇ ಇನ್ನೊಬ್ಬರಿಗೆ ಮಾರಬಹುದು. ಇಂಗ್ಲೆಂಡಿನಲ್ಲಿ ಅಪರಾಧವಾದದ್ದು ಇಲ್ಲಿ ರಾಜಾರೋಷದ ವ್ಯಾಪಾರ. ಬೆಲೆ ಮಾತ್ರ ಬೇಡಿಕೆ ನೋಡಿಕೊಂಡು ಗಂಟೆಗೊಮ್ಮೆ ಬದಲಾಗುತ್ತದೆ.

ಸ್ಯಾನ್ ಫ್ರಾನ್ಸಿಸ್ಕೋದ ಜೈಂಟ್ಸ್ ತಂಡದ ಮೈದಾನ ಒರೇಕಲ್ ಪಾರ್ಕ್ ಸಮುದ್ರದ ಅಂಚಿನಲ್ಲಿದೆ. ಜೋರಾಗಿ ಬಾರಿಸಿದರೆ ಚೆಂಡು ನೀರಿಗೆ ಬೀಳುತ್ತದೆ. ಅದನ್ನು ಹಿಡಿಯಲು ಜನ ಪುಟ್ಟ ದೋಣಿಗಳಲ್ಲಿ ಕಾಯುತ್ತಿರುತ್ತಾರೆ. ಸನ್ನಿವೇಲ್‌ನಿಂದ ಕ್ಯಾಲ್‌ಟ್ರೇನ್ ಎಂಬ ಲೋಕಲ್ ರೈಲು ಹತ್ತಿದರೆ ಕೊನೆಯ ಸ್ಟೇಷನ್, ಅಲ್ಲಿಂದ ಸ್ವಲ್ಪ ನಡಿಗೆ. ಪಾರ್ಕಿಂಗ್ ತಲೆನೋವಿಲ್ಲ. ಬೆಳ್ಳುಳ್ಳಿ ಹಾಕಿದ ಫ್ರೈಸ್ ಅಲ್ಲಿ ಫೇಮಸ್. ಹಲವು ಬೇಸ್‌ಬಾಲ್ ಮೈದಾನಗಳಲ್ಲಿ ಮನೆಯ ತಿಂಡಿಯನ್ನೂ ಒಳಗೆ ಬಿಡುತ್ತಾರೆ. ಹೊರಡುವ ಮೊದಲು ಅವರ ವೆಬ್‌ಸೈಟ್ ನೋಡಿಕೊಳ್ಳಿ. ಅಕ್ಕ ಚಿತ್ರಾನ್ನ ಕಟ್ಟಿಕೊಂಡೇ ಹೋದಳು. ಜುಲೈ ಎಂದು ಸ್ವೆಟರ್ ಬಿಟ್ಟು ಹೋಗಬೇಡಿ. ಅಲ್ಲಿ ಬೇಸಿಗೆಯ ಸಂಜೆ ಎಂದರೆ ಮಡಿಕೇರಿಯ ಚಳಿ.

ಆಟದ ನಡುವೆ ಎದ್ದು ಓಡಾಡಬಹುದು, ಹರಟಬಹುದು, ಮಗುವನ್ನು ಮಲಗಿಸಬಹುದು. ಯಾರೂ ಏನೂ ಅನ್ನುವುದಿಲ್ಲ. ಏಳನೇ ಇನ್ನಿಂಗ್ಸ್ ನಡುವೆ ಎಲ್ಲರೂ ಎದ್ದು ಮೈಮುರಿದು ಒಂದು ಹಳೇ ಹಾಡು ಹಾಡುತ್ತಾರೆ. ಮುಂಚೆ ಆಟ ಬಹಳ ಎಳೆಯುತ್ತಿತ್ತು. 2023ರಲ್ಲಿ ಚೆಂಡು ಎಸೆಯುವವನಿಗೆ ಇಷ್ಟೇ ಹೊತ್ತು ಎಂದು ಗಡಿಯಾರ ಇಟ್ಟ ಮೇಲೆ ಎರಡೂವರೆ ಗಂಟೆಯ ಸುಮಾರಿಗೆ ಮುಗಿಯುತ್ತದೆ.

ಇಲ್ಲಿ ಕಮ್ಮಿ ಇರುವುದು ಒಂದೇ, ಮೈ ಜುಮ್ಮೆನ್ನುವ ಕ್ಷಣ. ಎಂಟು ಹತ್ತು ಸಲ ಹೋದರೆ ಒಂದು ಸಲ ಸಿಗಬಹುದು.

ಅಮೆರಿಕನ್ ಫುಟ್‌ಬಾಲ್: ಹಬ್ಬವೂ ಹೌದು, ದುಬಾರಿಯೂ ಹೌದು

ಈ ಆಟದ ದೊಡ್ಡ ವೃತ್ತಿಪರ ಲೀಗ್ ಎನ್‌ಎಫ್‌ಎಲ್. ಅದರಲ್ಲಿ ತಂಡಕ್ಕೆ ಸೀಸನ್‌ನಲ್ಲಿ 17 ಆಟ, ತವರಿನಲ್ಲಿ ಎಂಟೋ ಒಂಬತ್ತೋ. ಅಪರೂಪ, ಹಾಗಾಗಿ ದುಬಾರಿ. ಟಿಕೆಟ್ ನೂರು ಡಾಲರ್ ದಾಟುವುದು ಮಾಮೂಲು. ಪಾರ್ಕಿಂಗ್ ಬೇರೆ. ಬ್ಯಾಗ್ ಪಾರದರ್ಶಕ ಪ್ಲಾಸ್ಟಿಕ್‌ನದೇ ಆಗಿರಬೇಕು, ಇಲ್ಲದಿದ್ದರೆ ಗೇಟಿನಲ್ಲೇ ವಾಪಸ್.

ಆದರೆ ಪಾರ್ಕಿಂಗ್ ಜಾಗದಲ್ಲೇ ಅರ್ಧ ಹಬ್ಬ ಇದೆ. 'ಟೈಲ್‌ಗೇಟಿಂಗ್' ಎನ್ನುತ್ತಾರೆ. ಆಟಕ್ಕೆ ನಾಲ್ಕೈದು ಗಂಟೆ ಮುಂಚೆ ಬಂದು, ಡಿಕ್ಕಿ ತೆಗೆದು, ಒಲೆ ಹಚ್ಚಿ, ಕುರ್ಚಿ ಹಾಕಿ, ಗೊತ್ತಿಲ್ಲದವರನ್ನೂ ಕರೆದು ತಿನ್ನಿಸುತ್ತಾರೆ. ನಾವು ಜೋಳ ಸುಟ್ಟು ಉಪ್ಪು, ಖಾರ, ನಿಂಬೆ ಹಚ್ಚಿ ಹಂಚಿದ್ದೆವು. ಅಕ್ಕಪಕ್ಕದವರು ಎರಡೆರಡು ಸಲ ಬಂದರು.

ಒಳಗೆ ಒಂದು ಪಾಠ. ನಿಮ್ಮ ತಂಡದ ಕೈಯಲ್ಲಿ ಚೆಂಡಿದ್ದಾಗ ಸುಮ್ಮನಿರಬೇಕು, ಇಲ್ಲದಿದ್ದರೆ ಅವರ ಮಾತು ಅವರಿಗೇ ಕೇಳುವುದಿಲ್ಲ. ಎದುರಾಳಿ ಹಿಡಿದಾಗ ಕೂಗಬೇಕು. ಕಾನ್ಸಾಸ್ ಸಿಟಿಯಲ್ಲಿ 2014ರಲ್ಲಿ ಹೀಗೆ ಕೂಗಿ 142.2 ಡೆಸಿಬೆಲ್ ದಾಖಲೆ ಮಾಡಿದರು. ಮಕ್ಕಳ ಕಿವಿಗೆ ಮುಚ್ಚಳ ಒಯ್ಯಿರಿ.

ಕಾಲೇಜು ಫುಟ್‌ಬಾಲ್ ಬೇರೆಯೇ ಲೋಕ. ಮಿಶಿಗನ್ ವಿಶ್ವವಿದ್ಯಾಲಯದ ಸ್ಟೇಡಿಯಂಗೆ 1,07,601 ಜನ ಹಿಡಿಯುತ್ತಾರೆ, ಹತ್ತಿರ ಹತ್ತಿರ ಮೂರು ಚಿನ್ನಸ್ವಾಮಿ. ಕಾಲೇಜು ಊರು ಬಿಟ್ಟು ಹೋಗುವುದಿಲ್ಲ, ಹಳೇ ವಿದ್ಯಾರ್ಥಿಯ ನಿಷ್ಠೆಯೂ ಹೋಗುವುದಿಲ್ಲ. ಅಜ್ಜ, ಮಗ, ಮೊಮ್ಮಗಳು ಒಂದೇ ಬಣ್ಣ ಹಾಕಿಕೊಂಡು ಬರುತ್ತಾರೆ. ಬ್ಯಾಂಡ್ ಬಾರಿಸುವವರೂ ವಿದ್ಯಾರ್ಥಿಗಳೇ. ಅಮೆರಿಕದಲ್ಲಿ ತೇರಿಗೆ ಹತ್ತಿರ ಬರುವುದು ಇದೇ. ಅಲ್ಲಿ ಓದುತ್ತಿರುವ ನಮ್ಮ ಹುಡುಗರು ವಿದ್ಯಾರ್ಥಿ ಟಿಕೆಟ್ ಇರುವಾಗಲೇ ನೋಡಿಬಿಡಿ. ಆಮೇಲೆ ಆ ಬೆಲೆಗೆ ಸಿಗುವುದಿಲ್ಲ.

ಊರಲ್ಲೇ ಕೂತು ತಂಡ ಹಿಡಿಯುವವರಿಗೆ

ಇಲ್ಲಿ ಲೆಕ್ಕ ತಿರುಗುತ್ತದೆ. ಯುರೋಪಿನಲ್ಲಿ ತಂಡ ಸೋತು ಕೆಳಗಿನ ಡಿವಿಜನ್‌ಗೆ ಬೀಳಬಹುದು. ಆಗ ನಮ್ಮ ಟಿವಿಯಲ್ಲಿ ಅದು ಕಾಣುವುದೇ ಕಷ್ಟ. ಆದರೆ ಊರು ಬಿಟ್ಟು ಹೋಗುವುದು ತೀರಾ ಅಪರೂಪ, ಹೋದರೆ ವಿಂಬಲ್ಡನ್‌ನಂತೆ ರಾದ್ಧಾಂತ. ಅಮೆರಿಕದಲ್ಲಿ ಎಷ್ಟು ಸೋತರೂ ಬೀಳುವುದಿಲ್ಲ. ಕೊನೆಗೆ ಬಂದವರಿಗೆ ಹೊಸ ಆಟಗಾರರನ್ನು ಆರಿಸುವಾಗ ಉಳಿದವರಿಗಿಂತ ಮುಂಚಿನ ಸರತಿಯೇ ಸಿಗುತ್ತದೆ. ಆದರೆ ಮಾಲೀಕ ಮನಸ್ಸು ಮಾಡಿದರೆ ತಂಡವೇ ಗಂಟುಮೂಟೆ ಕಟ್ಟುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಎದುರು ದಡದ ಓಕ್ಲ್ಯಾಂಡ್ ನೋಡಿ. 2019ರಲ್ಲಿ ಬಾಸ್ಕೆಟ್‌ಬಾಲ್ ತಂಡ ಕೊಲ್ಲಿ ದಾಟಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಯಿತು. 2020ರಲ್ಲಿ ಅಮೆರಿಕನ್ ಫುಟ್‌ಬಾಲ್ ತಂಡ ಲಾಸ್ ವೇಗಸ್‌ಗೆ. 2024 ಮುಗಿದ ಮೇಲೆ ಬೇಸ್‌ಬಾಲ್ ತಂಡವೂ ಹೊರಟಿತು. ಅದಕ್ಕೂ ಮುಂಚೆ, 2023ರ ಜೂನ್ 13ರಂದು 27,759 ಜನ 'ಮಾರಿಬಿಡು' ಎಂದು ಬರೆದ ಹಸಿರು ಅಂಗಿ ಹಾಕಿಕೊಂಡು ಬಂದು ಮಾಲೀಕನಿಗೆ ಕೂಗಿದರು. ಅವನು ಮಾರಲಿಲ್ಲ. ಲಿವರ್‌ಪೂಲ್‌ನ 77ನೇ ನಿಮಿಷ ಅಲ್ಲಿ ನಡೆಯಲಿಲ್ಲ.

ತಂಡ ಎಲ್ಲಿಗೂ ಹೋಗಬಾರದು ಎನ್ನುವವರು ಗ್ರೀನ್ ಬೇ ಪ್ಯಾಕರ್ಸ್ ಹಿಡಿಯಬಹುದು. ಲಕ್ಷದ ಸುಮಾರಿನ ಜನಸಂಖ್ಯೆಯ ಊರು. ತಂಡದ ಒಡೆಯರು ಐದು ಲಕ್ಷಕ್ಕೂ ಹೆಚ್ಚು ಸಾಮಾನ್ಯ ಷೇರುದಾರರು. ಲಾಭಾಂಶ ಇಲ್ಲ, ಷೇರು ಮಾರಿ ದುಡ್ಡು ಮಾಡುವಂತಿಲ್ಲ, ಗೋಡೆಗೆ ತೂಗುಹಾಕಬಹುದು ಅಷ್ಟೆ. ಎನ್‌ಎಫ್‌ಎಲ್‌ನಲ್ಲಿ ಅಂಥದ್ದು ಇದೊಂದೇ.

ಇನ್ನು ಸಮಯ. ಬುಂಡೆಸ್‌ಲೀಗಾದ ಶನಿವಾರದ ಆಟ ನಮಗೆ ಸಂಜೆ ಏಳಕ್ಕೆ, ಚಳಿಗಾಲದಲ್ಲಿ ಎಂಟಕ್ಕೆ. ಇಂಗ್ಲೆಂಡಿನದು ಏಳೂವರೆ ಇಲ್ಲವೇ ಎಂಟೂವರೆಗೆ. ಊಟದ ಹೊತ್ತು, ಮನೆಯಲ್ಲಿ ಟಿವಿಗೆ ಜಗಳ. ಎನ್‌ಎಫ್‌ಎಲ್ ಭಾನುವಾರ ರಾತ್ರಿ ಹತ್ತೂವರೆಗೋ ಹನ್ನೊಂದೂವರೆಗೋ ಶುರು. ಸೋಮವಾರ ಆಫೀಸ್ ಇರುವವರಿಗೆ ಕಷ್ಟ. ಅಮೆರಿಕದ ಪಶ್ಚಿಮ ಕರಾವಳಿಯ ಸಂಜೆ ಆಟಗಳು ಮಾತ್ರ ನಮಗೆ ಬೆಳಗಿನ ಕಾಫಿ ಹೊತ್ತಿಗೆ ಬರುತ್ತವೆ, ಜಗಳಕ್ಕೆ ಯಾರೂ ಎದ್ದಿರುವುದಿಲ್ಲ. ಭಾವ ಮೈಸೂರಿಗೆ ವಾಪಸ್ ಬಂದಿದ್ದಾರೆ. ಬೆಳಿಗ್ಗೆ ಏಳೂಕಾಲಿಗೆ ಫೋನ್ ಮಾಡಿದರೆ ಈಗ ಎತ್ತುವುದಿಲ್ಲ. "ಜೈಂಟ್ಸ್ ಆಟ ಇದೆಯಂತೆ" ಎಂದು ಅಕ್ಕ ಎತ್ತುತ್ತಾಳೆ.